ದೆವ್ವದ ಪಕ್ಕದಲ್ಲಿರುವವನನ್ನು ನೋಡಿ

1937ರ ಹಾಲಿವುಡ್ ಹಾಸ್ಯಚಿತ್ರ ‘ಟಾಪರ್’ನಲ್ಲಿ ಸಾಯುವವರು ಬೇಗ ಸಾಯುತ್ತಾರೆ. ಜಾರ್ಜ್, ಮೇರಿಯನ್ ಎಂಬ ಮೋಜುಗಾರ ಶ್ರೀಮಂತ ದಂಪತಿ (ಕ್ಯಾರಿ ಗ್ರಾಂಟ್, ಕಾನ್‌ಸ್ಟನ್ಸ್ ಬೆನೆಟ್) ಕಾರನ್ನು ಎರ‍್ರಾಬಿರ‍್ರಿ ಓಡಿಸಿ ಮರಕ್ಕೆ ಗುದ್ದುತ್ತಾರೆ. ಬದುಕಿದ್ದಾಗ ಪುಣ್ಯದ ಕೆಲಸ ಒಂದೂ ಮಾಡಿಲ್ಲ. ಹಾಗಾಗಿ ದೆವ್ವಗಳಾಗಿ ಇಲ್ಲೇ ಉಳಿಯುತ್ತಾರೆ. ಹೆಂಡತಿಯ ವೇಳಾಪಟ್ಟಿಯಂತೆ ಏಳುವ, ಉಣ್ಣುವ ಬ್ಯಾಂಕ್ ಅಧ್ಯಕ್ಷ ಕಾಸ್ಮೋ ಟಾಪರ್‌ಗೆ ಬದುಕುವುದನ್ನು ಕಲಿಸುವುದೇ ಅವರು ಆರಿಸಿಕೊಂಡ ಪುಣ್ಯಕಾರ್ಯ.

ಹೊಸದಾಗಿ ನೋಡುವವರ ಕಣ್ಣು ಸಹಜವಾಗಿ ಗ್ರಾಂಟ್ ಕಡೆಗೆ ಹೋಗುತ್ತದೆ. ದಯವಿಟ್ಟು ಅದನ್ನು ಟಾಪರ್ ಪಾತ್ರದ ರೋಲಂಡ್ ಯಂಗ್ ಕಡೆಗೆ ತಿರುಗಿಸಿ. ಕುಡಿದು ಕಾಲು ನಿಲ್ಲದ ಟಾಪರ್‌ನನ್ನು ಅದೃಶ್ಯ ದಂಪತಿ ಎರಡೂ ಕಡೆ ಹಿಡಿದು ನಡೆಸಿಕೊಂಡು ಹೋಗುತ್ತಾರೆ. ತೆರೆಯ ಮೇಲಿರುವುದು ಯಂಗ್ ಒಬ್ಬರೇ. ಆದರೂ ಆ ಓರೆಯಾದ ಭುಜ, ನೆಲಕ್ಕೆ ತಾಗಿಯೂ ತಾಗದ ಪಾದ ನೋಡಿದರೆ ಯಾರ ಕೈ ಎಲ್ಲಿ ಹಿಡಿದಿದೆ ಎಂದು ಬೆರಳಿಟ್ಟು ತೋರಿಸಬಹುದು. ತಾನಾಗಿಯೇ ಬದಲಾಗುವ ಕಾರಿನ ಟೈರು ತಂತ್ರಜ್ಞರ ಚಮತ್ಕಾರ. ಈ ನಡಿಗೆ ಮಾತ್ರ ನಟನ ಮೈಯೇ ಹುಟ್ಟಿಸುವ ದೆವ್ವ. ಪೋಷಕ ನಟರ ಆಸ್ಕರ್‌ಗೆ ಅವರ ಹೆಸರು ನಾಮನಿರ್ದೇಶನಗೊಂಡದ್ದು ತೀರಾ ನ್ಯಾಯ.

ಇನ್ನು ಕಥೆಗೆ ದೆವ್ವವೇ ಏಕೆ ಬೇಕಿತ್ತು? 1934ರಿಂದ ಹಾಲಿವುಡ್‌ನಲ್ಲಿ ನೀತಿಸಂಹಿತೆ ಬಿಗಿಯಾಯಿತು. ಮದುವೆಯಾದ ಗಂಡಸು ಪರಸ್ತ್ರೀಯೊಂದಿಗೆ ಹೋಟೆಲಿನಲ್ಲಿ ತಂಗುವುದನ್ನು ಹಗುರಾಗಿ ತೋರಿಸುವುದು ಕಷ್ಟವಾಯಿತು. ಆಕೆ ಸತ್ತವಳಾದರೆ? ನಿರ್ದೇಶಕ ನಾರ್ಮನ್ ಮೆಕ್ಲಾಯ್ಡ್ ಆ ಸಂದಿಯಲ್ಲೇ ಇಡೀ ಚಿತ್ರವನ್ನು ನುಗ್ಗಿಸುತ್ತಾರೆ. ಸ್ಕ್ರೂಬಾಲ್ ಎಂಬ ಹುಚ್ಚಾಟದ ಹಾಸ್ಯಪ್ರಕಾರದ ಜೀವಾಳವೇ ಗಂಡ–ಹೆಂಡಿರ ಜಗಳ. ಇಲ್ಲಿ ಸತ್ತ ಜೋಡಿ ಜಗಳವಾಡುತ್ತಲೇ ಇರುತ್ತದೆ, ಬದುಕಿರುವ ಜೋಡಿಗೆ ಜಗಳವಾಡುವಷ್ಟು ಸಲುಗೆಯೂ ಉಳಿದಿಲ್ಲ.

ಅದಕ್ಕೇ ಎರಡನೇ ಸಲ ನೋಡುವಾಗ ಟಾಪರ್‌ನ ಹೆಂಡತಿಯಾಗಿರುವ ಬಿಲಿ ಬರ್ಕ್ ಅವರನ್ನು ಗಮನಿಸಿ. ಮೊದಲಿಗೆ ಕಿರಿಕಿರಿ ಹೆಂಗಸು ಅನಿಸುತ್ತದೆ. ಆದರೆ ಗಂಡ ಕೈತಪ್ಪಿಹೋದನೆಂಬ ಅಂಜಿಕೆ ಆ ತೆಳು ದನಿಯಲ್ಲಿ ಇಣುಕತೊಡಗಿದಾಗ ನಗು ತುಸು ತಡೆಯುತ್ತದೆ. ಮರ್ಯಾದೆಗಿಂತ ಸುಖವೇ ಮೇಲೆಂದು ಆಕೆ ಕೊನೆಗೆ ಲೇಸಿನ ಒಳಉಡುಪು ತೊಡುವುದು ನನ್ನ ಮಟ್ಟಿಗೆ ಈ ಚಿತ್ರದ ಅತ್ಯಂತ ಧೈರ್ಯದ ಕ್ಷಣ. ದೆವ್ವಗಳು ಬದಲಾಯಿಸಿದ್ದು ಒಬ್ಬನನ್ನಲ್ಲ, ಒಂದು ಮದುವೆಯನ್ನು.

1985ರಲ್ಲಿ ಬಣ್ಣ ತುಂಬಿದ ಪ್ರತಿಯೂ ಇದೆ. ಹುಡುಕಿಯಾದರೂ ಕಪ್ಪು–ಬಿಳುಪಿನದನ್ನೇ ನೋಡಿ.