ಗದ್ದಲದ ಒಡಲಲ್ಲಿ ಲಾಲಿ

ಸ್ನೇರ್ ಡ್ರಮ್ಮಿನ ಮೇಲೆ ನಾಲ್ಕು ಏಟು. ಪೀಠಿಕೆ ಅಷ್ಟೇ. ಮರುಕ್ಷಣ ಗಿಟಾರುಗಳು ಎದೆಯೆತ್ತರಕ್ಕೆ ನುಗ್ಗಿ ಬರುತ್ತವೆ, ಅವುಗಳ ಹಿಂದೆಯೇ ಬಿಲಿಂಡಾ ಬುಚರ್ ಅವರ ನಿದ್ದೆಗಣ್ಣಿನ ದನಿ. ಮೈ ಬ್ಲಡಿ ವ್ಯಾಲಂಟೈನ್ ತಂಡದ 'ಲವ್‌ಲೆಸ್' ಆಲ್ಬಂ 'ಓನ್ಲಿ ಶಾಲೋ' ಹಾಡಿನಿಂದ ಹೀಗೆ ಶುರುವಾಗುತ್ತದೆ. 1991ರ ನವೆಂಬರಿನಲ್ಲಿ ಬಂದದ್ದು. ಎಷ್ಟು ಸಲ ಕೇಳಿದ್ದರೂ ಆ ನಾಲ್ಕು ಏಟಿಗೆ ನನ್ನ ಬೆನ್ನು ಇಂದಿಗೂ ನೆಟ್ಟಗಾಗುತ್ತದೆ.

ಇದರ ಸೊಗಸೆಲ್ಲ ಬಾಗುವ ಸ್ವರಗಳಲ್ಲಿದೆ. ತಂಡದ ಗಿಟಾರ್ ವಾದಕ ಕೆವಿನ್ ಶೀಲ್ಡ್ಸ್ ಗಿಟಾರಿನ ಟ್ರೆಮೊಲೊ ಹಿಡಿಯನ್ನು ಕೈಬಿಡದೆಯೇ ತಂತಿ ಮೀಟುತ್ತಾರೆ. ಮೀಟಿದಂತೆಲ್ಲ ಇಡೀ ಕಾರ್ಡ್ ನಸುವೇ ಕೆಳಗಿಳಿದು, ಮತ್ತೆ ಮೇಲೇರಿ, ತನ್ನ ನೆಲೆಯ ಆಸುಪಾಸಿನಲ್ಲೇ ತೂಗಾಡುತ್ತದೆ. ಗಮಕಕ್ಕೆ ಪಳಗಿದ ಕಿವಿಗೆ ಈ ಓಲಾಟ ಬೇಗ ಒಲಿಯುತ್ತದೆ. ವೀಣೆಯಲ್ಲಿ ಒಂದು ಸ್ವರ ಕಂಪಿಸಿದರೆ ಇಲ್ಲಿ ತಂತಿಗಳೆಲ್ಲ ಒಟ್ಟಿಗೇ ಕಂಪಿಸುತ್ತವೆ. ಇದಕ್ಕೆ ಹಿಮ್ಮುಖ ರಿವರ್ಬ್ ಸೇರಿದಾಗ ನಾದದ ಅಂಚುಗಳು ಕರಗಿ, ಮೀಟು ಎಲ್ಲಿ ಮೊದಲಾಯಿತೆಂದೇ ತಿಳಿಯುವುದಿಲ್ಲ. ಹತ್ತಾರು ಗಿಟಾರುಗಳನ್ನು ಪೇರಿಸಿದ್ದಾರೆಂದೇ ನಂಬುವಂತಿದೆ. ಶೀಲ್ಡ್ಸ್ ಹೇಳುವ ಪ್ರಕಾರ ಗಿಟಾರ್ ಟ್ರ್ಯಾಕ್‌ಗಳು ಬಹಳ ಕಡಿಮೆ. ಇಷ್ಟು ದಟ್ಟವಾದ ನಾದವನ್ನು ಇಷ್ಟು ಕಡಿಮೆಯಲ್ಲಿ ನೇಯ್ದ ಆ ಕೈಗೆ ನಾನು ಸೋತಿದ್ದೇನೆ.

ಬಿಲಿಂಡಾ ಅವರನ್ನು ಎಷ್ಟೋ ಸಲ ನಿದ್ದೆಯಿಂದೆಬ್ಬಿಸಿ ಹಾಡಿಸುತ್ತಿದ್ದರಂತೆ. ಆ ಅರೆಎಚ್ಚರದ ಬಿಸುಪು ದನಿಯಲ್ಲಿ ಉಳಿದಿದೆ. ಹಾಡುಗಾರಿಕೆಯನ್ನು ಗಿಟಾರಿನ ಮೇಲೆ ಎತ್ತಿ ಕೂರಿಸದೆ ಅದರ ಮಡಿಲಲ್ಲೇ ಮಲಗಿಸಿದ್ದಾರೆ. ಮಾತು ಅರ್ಧಕ್ಕರ್ಧ ಕಿವಿಗೆ ಸಿಗುವುದಿಲ್ಲ, ಸಿಗಬೇಕೆಂದೂ ಅನಿಸುವುದಿಲ್ಲ.

'ಟು ಹಿಯರ್ ನೋಸ್ ವೆನ್' ಬಂದಾಗ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಕೂರುತ್ತೇನೆ. ತಾಳ ದೂರದಲ್ಲೆಲ್ಲೋ ಮಿಡಿಯುತ್ತದೆ. ಗಿಟಾರು ಗಿಟಾರೆಂಬ ಗುರುತನ್ನೇ ಕಳಚಿಕೊಂಡು, ಮೆತ್ತಗೆ, ಬೆಚ್ಚಗೆ, ಅಲೆಯಲೆಯಾಗಿ ಹರಡುತ್ತ ಹೋಗುತ್ತದೆ. ಅದರ ನಡುವೆ, ಬಲು ನಿಧಾನವಾಗಿ, ಒಂದು ಎಳೆಯ ರಾಗ ಸುಳಿಯುತ್ತದೆ. ಅದು ಲಾಲಿ.

ತಯಾರಿಯ ಕಥೆ ಎಲ್ಲರಿಗೂ ಗೊತ್ತು: ಎರಡು ವರ್ಷಕ್ಕೂ ಮಿಕ್ಕಿದ ಕೆಲಸ, 19 ಸ್ಟುಡಿಯೋಗಳು, ಕ್ರಿಯೇಷನ್ ರೆಕಾರ್ಡ್ಸ್ ಸಂಸ್ಥೆ ತತ್ತರಿಸಿದ ಖರ್ಚು. ಆ ಲೆಕ್ಕಕ್ಕಿಂತ ನನ್ನನ್ನು ಹಿಡಿಯುವುದು ತಂಡದ ಡ್ರಮ್ಮರ್ ಕಾಲ್ಮ್ ಓ ಕೀಸಿಗ್ ಅವರ ಸಂಗತಿ. ಅವರ ಆರೋಗ್ಯ ಕೆಟ್ಟಿದ್ದರಿಂದ, ಅವರದೇ ಡ್ರಮ್ಮಿನ ತುಣುಕುಗಳನ್ನು ಜೋಡಿಸಿ ಹೆಚ್ಚಿನ ಹಾಡುಗಳ ಲಯ ಕಟ್ಟಿದರು. ಚುಟುಕಾದ 'ಟಚ್ಡ್' ಅವರದೇ ರಚನೆ.

ಬಂದಾಗ ಬ್ರಿಟಿಷ್ ಆಲ್ಬಂ ಪಟ್ಟಿಯಲ್ಲಿ 24ನೇ ಸ್ಥಾನದ ಆಚೆ ಏರದ ಆಲ್ಬಂ ಇದು. 1999ರಲ್ಲಿ ಪಿಚ್‌ಫೋರ್ಕ್ ಪತ್ರಿಕೆ ತೊಂಬತ್ತರ ದಶಕದ ಆಲ್ಬಂಗಳಲ್ಲಿ ಇದನ್ನೇ ಮೊದಲಿಗಿಟ್ಟಿತು. 2003ರಲ್ಲಿ ಸೋಫಿಯಾ ಕೊಪ್ಪೋಲಾ 'ಲಾಸ್ಟ್ ಇನ್ ಟ್ರಾನ್ಸ್‌ಲೇಷನ್' ಚಿತ್ರದ ಟೋಕಿಯೋ ರಾತ್ರಿಗೆ 'ಸಮ್‌ಟೈಮ್ಸ್' ಹಾಡನ್ನು ಹರಿಸಿದರು. ಅನುಕರಿಸಿದವರು ಅಸಂಖ್ಯ. ಬಹುಮಂದಿ ಗಿಟಾರ್ ಪೆಡಲುಗಳನ್ನು ಕೊಂಡು ಮಂಜು ಕವಿಸಿದರು. ಮಂಜಿನೊಳಗೆ ಇಂಥ ಮುದ್ದು ರಾಗಗಳನ್ನಿಟ್ಟವರು ವಿರಳ. ಶೀಲ್ಡ್ಸ್ ಕೂಡ ತಂಡದ ಮುಂದಿನ ಆಲ್ಬಮ್ಮಿಗೆ 2013ರವರೆಗೆ ಸಮಯ ತೆಗೆದುಕೊಂಡರು.

ಕೊನೆಯ 'ಸೂನ್' ಹಾಡಿಗೆ ಕಾಲು ತಾನಾಗಿ ಕುಣಿಯುತ್ತದೆ. ಒಳ್ಳೆಯ ಸ್ಪೀಕರಿದ್ದರೆ ಅದರಲ್ಲೇ ಹಾಕಿ, ಪಕ್ಕದ ಮನೆಯವರು ಊರಲ್ಲಿಲ್ಲದ ದಿನ ನೋಡಿ. ಸದ್ದು ತಗ್ಗಿಸಿದರೆ ಗದ್ದಲವಷ್ಟೇ ಕೇಳುತ್ತದೆ, ಏರಿಸಿದರೆ ರಾಗ ಬಿಚ್ಚಿಕೊಳ್ಳುತ್ತದೆ.