ವಸತಿಯೂ ಒಂದು ದಾನ: ಹಂಪಿ ಬಜಾರಿನ ತೆರವನ್ನು ಕುರಿತು ಒಂದು ವಿಮರ್ಶೆ

ನಾವು ನಿತ್ಯ ಬಳಸುವ ‘ಬಸದಿ’ ಎಂಬ ಶಬ್ದವು ಸಂಸ್ಕೃತದ ‘ವಸತಿ’ ಶಬ್ದದ ತದ್ಭವ. ಜಿನಾಲಯಕ್ಕೂ ಮನುಷ್ಯನು ತಂಗುವ ನೆಲೆಗೂ ನಮ್ಮ ಹಿರಿಯರು ಒಂದೇ ಹೆಸರನ್ನು ಒಪ್ಪಿಕೊಂಡದ್ದು ಗಮನಾರ್ಹ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಆಹಾರ, ಔಷಧ, ಉಪಕರಣಗಳ ಜೊತೆಗೆ ಆವಾಸವನ್ನೂ ದಾನವೆಂದು ಎಣಿಸಿದೆ. ಅಲ್ಲಿಯ ಪ್ರಸ್ತಾಪವು ವ್ರತಿಗಳ ಸೇವೆಗೆ ಸಂಬಂಧಿಸಿದ್ದೆಂಬುದು ನಿಜ. ಆದರೆ ಕರುಣಾದಾನಕ್ಕೆ ಪಾತ್ರಾಪಾತ್ರ ವಿಚಾರವಿಲ್ಲವೆಂಬುದೂ ನಮ್ಮ ಪರಂಪರೆಯ ಮಾತೇ. ಈ ದೃಷ್ಟಿಯಿಂದ ನಮ್ಮ ನೆರೆಯಲ್ಲಿಯೇ ನಡೆದ ಒಂದು ಘಟನೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಗಾದಿಗನೂರು, ಹೊಸಪೇಟೆ, ಕಂಪ್ಲಿಗಳ ಜನರಿಗೆ ಹಂಪಿ ಪರಸ್ಥಳವಲ್ಲ. ವಿರೂಪಾಕ್ಷ ದೇವಾಲಯದ ಎದುರು ಪೂರ್ವದ ನಂದಿಯವರೆಗೆ ಸಾಗುವ ರಥಬೀದಿಯ ಇಕ್ಕೆಲಗಳಲ್ಲಿ ಕಲ್ಲಿನ ಸಾಲುಮಂಟಪಗಳಿವೆ. ಅವುಗಳಲ್ಲಿಯೂ ಅವುಗಳ ಸುತ್ತಲೂ ಹಲವು ದಶಕಗಳಿಂದ ಕುಟುಂಬಗಳು ನೆಲೆಸಿ, ಹೂವು, ಹಣ್ಣು, ಪುಸ್ತಕ, ಚಹಾ ಮಾರಿ, ಯಾತ್ರಿಕರಿಗೆ ಕೊಠಡಿ ಕೊಟ್ಟು ಜೀವಿಸುತ್ತಿದ್ದವು. 1986ರಲ್ಲಿ ಹಂಪಿಯು ವಿಶ್ವ ಪರಂಪರೆಯ ತಾಣವಾಯಿತು. ಸೇತುವೆಗಳ ನಿರ್ಮಾಣದ ಕಾರಣದಿಂದ 1999ರಲ್ಲಿ ‘ಅಪಾಯದಲ್ಲಿರುವ ತಾಣ’ಗಳ ಪಟ್ಟಿಗೆ ಸೇರಿ, 2006ರಲ್ಲಿ ಅದರಿಂದ ಹೊರಬಂದಿತು. ಈ ನಡುವೆ 2002ರ ಕಾಯಿದೆಯಿಂದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವು ರೂಪುಗೊಂಡಿತು. ಉಚ್ಚ ನ್ಯಾಯಾಲಯದ ಆದೇಶದ ಹಿನ್ನೆಲೆಯಲ್ಲಿ 2011ರ ಜುಲೈ 29ರಂದು ಬಜಾರಿನ ಮನೆ ಅಂಗಡಿಗಳನ್ನು ಯಂತ್ರಗಳಿಂದ ಕೆಡವಲಾಯಿತು. ನೆಲೆ ಕಳೆದುಕೊಂಡ ಕುಟುಂಬಗಳು ಮುನ್ನೂರಕ್ಕೂ ಹೆಚ್ಚು. ಅವರಿಗೆ ತೋರಿಸಿದ ಸ್ಥಳ, ಕೆಲವು ಕಿಲೋಮೀಟರು ದೂರದ ಕಡ್ಡಿರಾಂಪುರ.

ಆಡಳಿತದ ಪಕ್ಷವನ್ನು ಮೊದಲು ನ್ಯಾಯವಾಗಿ ಹೇಳಬೇಕು. ಪ್ರಾಚೀನ ಕಂಬಗಳಿಗೆ ಇಟ್ಟಿಗೆ ಸಿಮೆಂಟು ಮೆತ್ತಿದ್ದು, ಮಂಟಪಗಳ ನಡುವೆ ಗೋಡೆ ಎಬ್ಬಿಸಿದ್ದು, ಮೇಲೆ ಮಹಡಿ ಏರಿಸಿದ್ದು ಸುಳ್ಳಲ್ಲ. ಸಂರಕ್ಷಿತ ಸ್ಮಾರಕವು ಒಬ್ಬರ ಸ್ವತ್ತಲ್ಲ, ಮುಂದಿನ ಪೀಳಿಗೆಯ ನ್ಯಾಸ. ನಮ್ಮ ಬಸದಿಯ ಗೋಡೆಗೆ ಯಾರಾದರೂ ಅಂಗಡಿ ತಗುಲಿಸಿ ಕಟ್ಟಿದರೆ ನಾವೂ ಸುಮ್ಮನಿರುವುದಿಲ್ಲ. ಆದ್ದರಿಂದ ತೆರವು ಬೇಕಿತ್ತೇ ಎಂಬ ಪ್ರಶ್ನೆಗಿಂತ, ಅದು ನಡೆದ ಕ್ರಮವೇ ಇಲ್ಲಿ ವಿಮರ್ಶೆಗೆ ಯೋಗ್ಯ.

ಮೊದಲ ದೋಷವು ಪೂರ್ವಾಪರದ್ದು. ಹೊಸ ಮನೆ ಸಿದ್ಧವಾದ ಮೇಲೆ ಹಳೆಯ ಮನೆಯನ್ನು ಬಿಡಿಸುವುದು ಸಾಮಾನ್ಯ ಗೃಹಸ್ಥನಿಗೂ ತಿಳಿದ ಕ್ರಮ. ಇಲ್ಲಿ ಕೆಡಹುವ ಕಾರ್ಯವು ಒಂದು ದಿನದಲ್ಲಿ ನಡೆಯಿತು, ನೆಲೆ ಕಲ್ಪಿಸುವ ಕಾರ್ಯವು ವರ್ಷಗಟ್ಟಲೆ ಎಳೆಯಿತು. ಅದೂ ಮಳೆಗಾಲದ ನಡುವೆ, ನಮ್ಮ ಮುನಿಗಳು ಜೀವದಯೆಗಾಗಿ ವಿಹಾರವನ್ನೇ ನಿಲ್ಲಿಸಿ ಒಂದೆಡೆ ನೆಲೆಸುವ ಚಾತುರ್ಮಾಸದಲ್ಲಿ.

ಎರಡನೆಯ ದೋಷವು ಲೆಕ್ಕದ್ದು. ವ್ಯಾಪಾರಿಗಳಾದ ನಮಗೆ ‘ಗುಡ್‌ವಿಲ್’ ಎಂಬ ಶಬ್ದ ಅಪರಿಚಿತವಲ್ಲ. ಅಂಗಡಿ ಮಾರುವಾಗ ಸರಕಿನ ಬೆಲೆ, ಕಟ್ಟಡದ ಬೆಲೆಗಳ ಜೊತೆಗೆ ಆ ಸ್ಥಳಕ್ಕೆ ಗಿರಾಕಿ ಬರುವ ರೂಢಿಗೂ ಬೆಲೆ ಕಟ್ಟಿ ಆಸ್ತಿಯ ಕಡೆ ಬರೆಯುತ್ತೇವೆ. ದೇವಾಲಯದ ಮುಂದೆ ಹೂ ಮಾರುವವಳ ಸಂಪತ್ತೆಲ್ಲ ಆ ಸ್ಥಳವೇ. ಯಾತ್ರಿಕರು ನಡೆಯದ ಕಡೆ ಆಕೆಗೆ ನಿವೇಶನ ಕೊಟ್ಟರೆ ಗೋಡೆಯ ಲೆಕ್ಕ ತೀರಬಹುದು, ಅನ್ನದ ಲೆಕ್ಕ ತೀರದು. ಸರ್ವೋಚ್ಚ ನ್ಯಾಯಾಲಯವು ಮುಂಬಯಿಯ ಪಾದಚಾರಿ ಮಾರ್ಗಗಳಲ್ಲಿ ವಾಸಿಸುತ್ತಿದ್ದವರ ಮೊಕದ್ದಮೆಯಲ್ಲಿ, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆಯೆಂದು 1985ರಲ್ಲಿಯೇ ಹೇಳಿತ್ತು. ತೆರವನ್ನು ಅದು ನಿಷೇಧಿಸಲಿಲ್ಲ. ಆದರೆ ನೆಲೆಯನ್ನೂ ದುಡಿಮೆಯನ್ನೂ ಬೇರ್ಪಡಿಸಿ ನೋಡಲಾಗದೆಂಬ ತತ್ತ್ವವನ್ನು ಸ್ಥಾಪಿಸಿತು.

ಮೂರನೆಯದು ಇತಿಹಾಸದ ತಿಳಿವಳಿಕೆಯ ದೋಷ. ಹದಿನಾರನೆಯ ಶತಮಾನದಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಬೆರಗಿನಿಂದ ಬರೆದದ್ದು ವರ್ತಕರಿಂದ ತುಂಬಿದ ಬೀದಿಗಳನ್ನು ಕುರಿತು. ಬಜಾರಿನ ಪರಂಪರೆಯಲ್ಲಿ ಕೊಳ್ಳುವವರೂ ಮಾರುವವರೂ ಸೇರಿದ್ದಾರೆ. ಕಂಪ್ಲಿ ರಸ್ತೆಯ ಪಕ್ಕದಲ್ಲಿ 1385ರಲ್ಲಿ ದಂಡನಾಯಕ ಇರುಗಪ್ಪನು ಕಟ್ಟಿಸಿದ ಕುಂಥುನಾಥ ಜಿನಾಲಯವನ್ನು ಜನರು ಇಂದು ಕರೆಯುವುದು ‘ಗಾಣಗಿತ್ತಿ’ ಗುಡಿಯೆಂದು. ದಂಡನಾಯಕನ ಹೆಸರು ಶಾಸನದಲ್ಲಿ ಉಳಿಯಿತು; ಜನರ ಬಾಯಲ್ಲಿ ಉಳಿದದ್ದು ಎಣ್ಣೆಯ ಗಾಣದ ಹೆಣ್ಣುಮಗಳ ಹೆಸರು. ಸ್ಮಾರಕದ ಇತಿಹಾಸದಲ್ಲಿ ದುಡಿಯುವವರಿಗೂ ಪಾಲಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಈ ಪ್ರವೃತ್ತಿಯು ಹಂಪಿಗಷ್ಟೇ ಸೀಮಿತವಲ್ಲ. 2013ರ ಜನವರಿಯಲ್ಲಿ ಬೆಂಗಳೂರಿನ ಈಜಿಪುರದಲ್ಲಿ, ಬಡವರಿಗೆಂದೇ ಕಟ್ಟಿದ್ದ ವಸತಿಗೃಹಗಳ ಪ್ರದೇಶದಿಂದ ಸುಮಾರು ಒಂದೂವರೆ ಸಾವಿರ ಕುಟುಂಬಗಳನ್ನು ಎಬ್ಬಿಸಲಾಯಿತು. ಅಲ್ಲಿಯ ಕಾರಣ ಪರಂಪರೆಯಲ್ಲ, ಪುನರ್ನಿರ್ಮಾಣ. ಪಾಲಿಕೆಯ ಭೂಮಿಯ ಒಂದು ಭಾಗದಲ್ಲಿ ಖಾಸಗಿ ಸಹಭಾಗಿತ್ವದ ವಾಣಿಜ್ಯ ಸಂಕೀರ್ಣವೂ ಬರುವ ಯೋಜನೆಯದು. ಕಾರಣ ಯಾವುದೇ ಇರಲಿ, ಮೊದಲು ಏಳಬೇಕಾದವರು ಬಡವರು, ಕೊನೆಗೆ ಮನೆ ಕಾಣುವವರೂ ಅವರೇ. ನಮ್ಮ ರಾಜ್ಯದ 1973ರ ಕೊಳಚೆ ಪ್ರದೇಶಗಳ ಕಾಯಿದೆಯ ಹೆಸರಿನಲ್ಲಿ ಅಭಿವೃದ್ಧಿ, ನಿರ್ಮೂಲನ ಎರಡೂ ಮಾತುಗಳಿವೆ. ಆಚರಣೆಯಲ್ಲಿ ಎರಡನೆಯದು ಮುಂದೆ ನಡೆಯುತ್ತದೆ.

ಆದರೆ ಸರ್ಕಾರವನ್ನಷ್ಟೇ ದೂರಿದರೆ ವಿಮರ್ಶೆ ಅರ್ಧವಾದೀತು. ನಮ್ಮ ಬಸದಿಗಳಿಗೂ ಟ್ರಸ್ಟುಗಳಿಗೂ ಊರ ನಡುವೆ ಭೂಮಿಯಿದೆ, ಮಳಿಗೆಗಳಿವೆ, ಹಳೆಯ ಬಾಡಿಗೆದಾರರಿದ್ದಾರೆ. ಜೀರ್ಣೋದ್ಧಾರ, ಕಲ್ಯಾಣಮಂಟಪ, ಯಾತ್ರಿ ನಿವಾಸಗಳ ಯೋಜನೆ ಬಂದಾಗ ‘ಜಾಗ ತೆರವು’ ಎಂಬ ಮಾತು ನಮ್ಮ ಸಭೆಗಳಲ್ಲಿಯೂ ಸಲೀಸಾಗಿ ಬರುತ್ತದೆ. ಆಗ ನಡಾವಳಿಯ ಪುಸ್ತಕದಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆದ ಮೇಲೆಯೇ ಠರಾವು ಅಂಗೀಕಾರವಾಗಲಿ: ಏಳುವವರಿಗೆ ಮುಂದಿನ ನೆಲೆ ಈಗಾಗಲೇ ಸಿದ್ಧವಿದೆಯೇ? ಅಲ್ಲಿ ಅವರ ದುಡಿಮೆ ನಡೆಯುವುದೇ? ಅವರ ಮಾತನ್ನು ಅವರನ್ನೇ ಕೂರಿಸಿ ಕೇಳಲಾಗಿದೆಯೇ? ಯೋಜನೆಯ ಅಂದಾಜು ಪಟ್ಟಿಯಲ್ಲಿ ಅಮೃತಶಿಲೆಗೆ ಹೇಗೋ ಹಾಗೆ ಪುನರ್ವಸತಿಗೂ ಒಂದು ಬಾಬ್ತು ಇರಲಿ.

ಅಪರಿಗ್ರಹವೆಂದರೆ ಹಣವನ್ನು ಮಿತಗೊಳಿಸುವುದಷ್ಟೇ ಅಲ್ಲ. ಕ್ಷೇತ್ರ, ವಾಸ್ತು ಎಂಬ ಬಾಹ್ಯ ಪರಿಗ್ರಹಗಳೂ ಅದರ ಮಿತಿಗೆ ಒಳಪಟ್ಟಿವೆ. ಗೃಹಸ್ಥನಿಗೆ ಇರುವ ಈ ಮಿತಿ ಸಂಸ್ಥೆಗೂ ಇರಬೇಕು. ದೇವರಿಗಾಗಿ ನೆಲ ಬಿಡಿಸುವ ಸಂದರ್ಭ ಬಂದಾಗ, ‘ಬಸದಿ’ ಎಂಬ ಶಬ್ದದ ಮೂಲಾರ್ಥವನ್ನು ಟ್ರಸ್ಟಿಗಳು ಒಮ್ಮೆ ನೆನೆದು ಮುಂದುವರಿಯಲೆಂದು ಸವಿನಯ ಪ್ರಾರ್ಥನೆ.