ಚಲಿಸುವ ಮುದ್ರಣಚಿತ್ರ ಮತ್ತು ಧ್ಯಾನ: ರೆಂಬ್ರಾಂಟನ ‘ಮೂರು ಶಿಲುಬೆಗಳು’

ಹಳೆಯ ಮುದ್ರಣಚಿತ್ರಗಳಿಗೆ ಗಣಕಯಂತ್ರದ ನೆರವಿನಿಂದ ಚಲನೆ ಕೊಟ್ಟು ಧ್ಯಾನಕೂಟಗಳಲ್ಲಿ ಬಳಸುವುದು ಉಚಿತವೇ? ಕಳೆದ ತಪಸ್ಸುಕಾಲದಲ್ಲಿ ನಮ್ಮ ಗುರುಮಠದ ವಿದ್ಯಾರ್ಥಿಗಳೊಡನೆ ನಾನೇ ಅಂತಹ ಒಂದು ಕಿರುಚಿತ್ರವನ್ನು ತಯಾರಿಸಿದೆ. ಆದುದರಿಂದ ಈ ವಿಮರ್ಶೆ ಮೊದಲು ನನ್ನ ಕೆಲಸಕ್ಕೇ ಅನ್ವಯಿಸುತ್ತದೆ.

ನಾವು ಆಯ್ದುಕೊಂಡದ್ದು ರೆಂಬ್ರಾಂಟ್ 1653ರಲ್ಲಿ ರಚಿಸಿದ ‘ಮೂರು ಶಿಲುಬೆಗಳು’. ತಾಮ್ರದ ಫಲಕವನ್ನು ಮೊನಚಾದ ಸೂಜಿಯಿಂದ ಗೀರಿ ಅಚ್ಚೊತ್ತಿದ ಈ ಚಿತ್ರದಲ್ಲಿ ಬೆಳಕು ಮೇಲಿನಿಂದ ಸುರಿಯುತ್ತದೆ. ಶಿಲುಬೆಯ ಬಳಿ ಶತಾಧಿಪತಿ ತೋಳು ಚಾಚಿ ಮೊಣಕಾಲೂರಿದ್ದಾನೆ. ಕುದುರೆಗಳು ತಲೆಯಾಡಿಸುವಂತೆ, ಶೋಕಿಸುವವರು ಬಾಗುವಂತೆ ಮಾಡಿ, ಸಂಗೀತವನ್ನೂ ಸೇರಿಸಿದೆವು. ಪ್ರದರ್ಶನ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ, “ಫಾದರ್, ಮುಂದೆ ಯಾವುದು ಅಲುಗುತ್ತದೆ ಎಂದು ಕಾಯುತ್ತಲೇ ಇದ್ದೆ, ಪ್ರಾರ್ಥಿಸಲು ಮರೆತೆ” ಎಂದರು.

ದೋಷ ಯಂತ್ರದ್ದಲ್ಲ, ನಮ್ಮ ತಿಳಿವಳಿಕೆಯದು. ಶುಭಸಂದೇಶದ ಘಟನಾಸ್ಥಳವನ್ನು ಕಲ್ಪನೆಯ ಕಣ್ಣಿನಿಂದ ಕಾಣುವಂತೆ ಹೇಳುವ ಸಂತ ಇಗ್ನಾಸಿಯವರು, ಆ ಕಾಣುವ ಶ್ರಮವನ್ನು ಧ್ಯಾನಿಸುವವನಿಗೇ ಬಿಡುತ್ತಾರೆ. ಅವರ ಸಂಗಡಿಗ ಜೆರೋಮ್ ನಡಾಲರು ಯೋಜಿಸಿದ, 1593ರಲ್ಲಿ ಆಂಟ್‌ವರ್ಪ್‌ನಲ್ಲಿ ಪ್ರಕಟವಾದ ಶುಭಸಂದೇಶದ 153 ಕೆತ್ತನೆಚಿತ್ರಗಳಲ್ಲಿ ಘಟನೆಯ ಒಂದೊಂದು ಭಾಗಕ್ಕೂ ಎ, ಬಿ, ಸಿ ಎಂದು ಗುರುತುಗಳಿವೆ. ಕೆಳಗೆ ಅವುಗಳ ವಿವರಣೆಯಿದೆ. ಗುರುತಿನಿಂದ ಗುರುತಿಗೆ ಸಾಗಬೇಕಾದುದು ನೋಡುವವನ ಕಣ್ಣು, ಚಿತ್ರವಾದರೋ ನಿಶ್ಚಲ. ನಾವು ಆ ಪಯಣವನ್ನು ಅವನಿಂದ ಕಸಿದು ಕುದುರೆಗಳಿಗೆ ಕೊಟ್ಟೆವು.

ಎರಡನೆಯ ಪ್ರಯತ್ನಕ್ಕೆ ರೆಂಬ್ರಾಂಟನೇ ದಾರಿ ತೋರಿಸಿದ. ಅವನು ಅದೇ ಫಲಕವನ್ನು ಮತ್ತೆ ಮತ್ತೆ ತಿದ್ದಿದವನು. ನಾಲ್ಕನೆಯ ಹಂತದ ಅಚ್ಚಿನಲ್ಲಿ ಹಲವು ಆಕೃತಿಗಳು ಕೆರೆದು ಅಳಿಸಿಹೋಗಿವೆ. ಎತ್ತರದ ಟೋಪಿ ತೊಟ್ಟ ಹೊಸ ಅಶ್ವಾರೋಹಿಯೊಬ್ಬ ಬಂದಿದ್ದಾನೆ. ದಟ್ಟ ಗೆರೆಗಳಾಗಿ ಕತ್ತಲು ಇಳಿದಿದೆ. ಪ್ರಭು ಮಾತ್ರ ಶಿಲುಬೆಯ ಮೇಲೆ ಅಲ್ಲಿಯೇ ಇದ್ದಾರೆ. ಮೊದಲ ಅಚ್ಚು ಮೆಲ್ಲನೆ ನಾಲ್ಕನೆಯದರಲ್ಲಿ ಕರಗುವಂತೆ ಮಾಡಿದೆವು; ಸಂಗೀತವನ್ನು ಕೈಬಿಟ್ಟೆವು.

ಇದು ಮೊದಲಿನದಕ್ಕಿಂತ ಮೇಲಾಗಿದ್ದರೂ ಒಂದು ಅಸತ್ಯ ಉಳಿದೇ ಇತ್ತು. ಮೆಲ್ಲಗೆ ಕರಗುವ ಬೆಳಕು ಸಾಯಂಕಾಲದ್ದು. ಸಂತ ಲೂಕನು ಹೇಳುವ ಕತ್ತಲೆಯಾದರೋ (23:44) ನಡುಹಗಲಿನದು. ರೆಂಬ್ರಾಂಟನೂ ಚಿತ್ರವನ್ನು ಮಬ್ಬಾಗಿಸಲಿಲ್ಲ. ತಾನೇ ಗೀರಿದ್ದನ್ನು ತಾನೇ ಕೆರೆದ. ಆ ಬಿರುಕನ್ನು ನಯವಾಗಿ ಮುಚ್ಚುವ ಚಲನೆ ಯಾತನೆಯನ್ನು ಸಹಜವೆಂಬಂತೆ ತೋರಿಸುತ್ತದೆ. ಕೊನೆಗೆ ಎರಡು ಅಚ್ಚುಗಳನ್ನಷ್ಟೇ ಉಳಿಸಿ, ಅವುಗಳ ನಡುವೆ ಒಂದು ನಿಮಿಷ ಪರದೆಯನ್ನು ಕತ್ತಲಾಗಿ ಬಿಟ್ಟೆವು.

ಹಾಗಾದರೆ ಇದು ಚಲನಚಿತ್ರವೇ ಎಂದು ಯಾರಾದರೂ ಕೇಳಬಹುದು. ಬಹುಶಃ ಅಲ್ಲ. ಧರ್ಮಕೇಂದ್ರಗಳಲ್ಲಿ ಇಂತಹ ಕೃತಿಗಳನ್ನು ಬಳಸುವ ಗುರುಗಳಿಗೆ ನನ್ನ ಸೂಚನೆ ಇಷ್ಟೇ: ನೋಡುವವನ ದೃಷ್ಟಿಗೆ ದಾರಿ ತೋರುವ ಚಲನೆಯಿರಲಿ, ದೃಷ್ಟಿಯ ಕೆಲಸವನ್ನು ತಾನೇ ಮಾಡಿ ಮುಗಿಸುವ ಚಲನೆ ಬೇಡ. ಶತಾಧಿಪತಿಯು ನಡೆದುದನ್ನು ಕಂಡು ದೇವರನ್ನು ಕೊಂಡಾಡಿದ (23:47). ಹಾಗೆ ಕಾಣಲು ನಮ್ಮ ಜನರಿಗೂ ಸಮಯ ಬೇಕು.